ಚಾರ್ಟ್‌ನಲ್ಲಿ ‘ಚೆನ್ನಾಗಿ ಮಲಗಿದ್ದರು’, ಪೇಷಂಟ್ ಬಾಯಲ್ಲಿ ‘ಕಣ್ಣೇ ಮುಚ್ಚಿಲ್ಲ’: ಯಾವುದನ್ನ ಬರೀಲಿ?

ಥರ್ಡ್‌ಇಯರ್_ಹುಡುಗಿ

ಎಲ್ಲರಿಗೂ ನಮಸ್ಕಾರ. ಸರ್ಜರಿ ವಾರ್ಡ್‌ನಲ್ಲಿ ನೈಟ್ ಪೋಸ್ಟಿಂಗ್ ನಡೀತಿದೆ. ಕೇರ್ ಪ್ಲಾನ್ ಬರೆಯೋಕೆ ನನ್ನ ಪಾಲಿಗೆ ಬಂದಿರೋ ವಿಷಯ ನಿದ್ದೆ. ಡ್ರೆಸಿಂಗ್, ಕ್ಯಾತಿಟರ್ ಕೇರ್ ಸಿಕ್ಕಿದವರೆಲ್ಲ ‘ನಿನ್ನದೇ ಆರಾಮು ಬಿಡು’ ಅಂತ ಹೊಟ್ಟೆ ಉರ್ಕೊಂಡ್ರು. ಈಗ ನೋಡಿದ್ರೆ ಅವರದ್ದೇ ವಾಸಿ.

ಪೇಷಂಟ್ ಅರವತ್ತು ದಾಟಿದ ತಾತ. ಹೊಟ್ಟೆ ಆಪರೇಷನ್ ಆಗಿ ಮೂರನೇ ದಿನ. ದಪ್ಪ ಮೈ, ಬಿಪಿ ಇದೆ, ಕಾಲು ಊತಕ್ಕೆ ಫ್ಯೂರೊಸೆಮೈಡ್ ದಿನಕ್ಕೆ ಎರಡು ಸಲ, ನೋವಿಗೆ ಮಾರ್ಫಿನ್. ಮೂಗಿಗೆ ಆಕ್ಸಿಜನ್ ನಳಿಕೆ ಇನ್ನೂ ತೆಗೆದಿಲ್ಲ. ನಾನು ಟಾರ್ಚ್ ಹಿಡ್ಕೊಂಡು ರೌಂಡ್ ಹೋದಾಗಲೆಲ್ಲ ಕಣ್ಣು ಮುಚ್ಚಿರ್ತಾರೆ, ಜೋರು ಗೊರಕೆ ಬೇರೆ. ಬೆಳಿಗ್ಗೆ ‘ನಿದ್ದೆ ಬಂತಾ ತಾತ’ ಅಂದ್ರೆ, ‘ಎಲ್ಲಿಯ ನಿದ್ದೆ ಮಗಾ, ಒಂದು ಕ್ಷಣ ಕಣ್ಣು ಮುಚ್ಚಿಲ್ಲ’ ಅಂತಾರೆ. ಹಿಂದಿನ ರಾತ್ರಿಗಳ ನೋಟ್ಸ್‌ನಲ್ಲಿ ‘ಪೇಷಂಟ್ ಚೆನ್ನಾಗಿ ಮಲಗಿದ್ದರು’ ಅಂತ ಇದೆ. ನಾನೂ ಅದನ್ನೇ ನಕಲು ಮಾಡೋದಾ, ಅವರು ಹೇಳಿದ್ದನ್ನ ಬರಿಯೋದಾ?

ಇನ್ನೊಂದು ಅನುಮಾನ. ನರ್ಸಿಂಗ್ ಡಯಾಗ್ನೋಸಿಸ್ ‘ಇನ್‌ಸೋಮ್ನಿಯಾ’ (ನಿದ್ರಾಹೀನತೆ) ಅಂತ ಹಾಕಿದ್ರೆ ಟ್ಯೂಟರ್ ಒಪ್ತಾರಾ? ತಾತನ ಮಗ ಬೇರೆ ‘ಒಂದು ನಿದ್ದೆ ಮಾತ್ರೆ ಕೊಟ್ಬಿಡಿ ಸಿಸ್ಟರ್’ ಅಂತ ದುಂಬಾಲು ಬಿದ್ದಿದಾರೆ. ಬೇಕಿದ್ರೆ ಕೊಡಿ ಅಂತ ಡಾಕ್ಟರ್ ಅಲ್ಪ್ರಜೋಲಾಮ್ ಬರೆದೂ ಇದಾರೆ. ಪುಸ್ತಕದಲ್ಲಿ ‘ಶಾಂತ ವಾತಾವರಣ ಒದಗಿಸಿ’ ಅಂತ ಒಂದು ಸಾಲಿದೆ, ಅಷ್ಟೇ. ಮೂವತ್ತು ಬೆಡ್ ಇರೋ ವಾರ್ಡ್‌ನಲ್ಲಿ ಶಾಂತ ವಾತಾವರಣ ಎಲ್ಲಿಂದ ತರ್ಲಿ? ಸೀನಿಯರ್ಸ್ ಯಾರಾದ್ರೂ ಹೇಳಿ ಪ್ಲೀಸ್.

ಟ್ರಾಲಿ_ತಳ್ಳೋನು

ಇಷ್ಟೊಂದು ತಲೆ ಕೆಡಿಸ್ಕೋಬೇಡಿ. ಡಾಕ್ಟರೇ ಮಾತ್ರೆ ಬರೆದಿದಾರಲ್ಲ, ಕೊಡಿ. ಗೊರಕೆ ಹೊಡೀತಾರೆ ಅಂದ್ರೆ ಗಾಢ ನಿದ್ದೇಲಿದಾರೆ ಅಂತಲೇ ಅರ್ಥ. ವಯಸ್ಸಾದವರು ಬೆಳಿಗ್ಗೆ ಎದ್ದು ನಿದ್ದೆ ಬಂದಿಲ್ಲ ಅನ್ನೋದು ಎಲ್ಲ ವಾರ್ಡ್‌ನಲ್ಲೂ ಇದ್ದದ್ದೇ. ‘ಚೆನ್ನಾಗಿ ಮಲಗಿದ್ದರು’ ಅಂತ ಬರೆದು ಹ್ಯಾಂಡೋವರ್ ಕೊಡಿ.

ನೈಟ್‌ಡ್ಯೂಟಿ_ಅಕ್ಕ

ಮೇಲಿನ ತಮ್ಮ, ಬೇಜಾರಾಗ್ಬೇಡ, ಆದರೆ ನೀನು ಬರೆದದ್ದನ್ನ ಯಾರೂ ಪಾಲಿಸಬಾರದು. ಮಾರ್ಫಿನ್ ಮೇಲಿರುವ ದಪ್ಪ ಮೈಯ ಮನುಷ್ಯ ಗೊರಕೆ ಹೊಡೀತಿದ್ದಾನೆ ಅಂದರೆ ಗಂಟಲ ದಾರಿ ಕಿರಿದಾಗಿದೆ ಅಂತ. ಅದನ್ನ ಸುಖನಿದ್ದೆ ಅಂದುಕೊಂಡು ಹತ್ತಿರ ಹೋಗದೇ ಇರೋದೇ ನೈಟ್ ಶಿಫ್ಟಿನ ದೊಡ್ಡ ಅಪಾಯ. ಅದರ ಮೇಲೆ ಅಲ್ಪ್ರಜೋಲಾಮ್ ಸೇರಿತು ಅಂದರೆ ಎರಡೂ ಸೇರಿ ಉಸಿರಾಟವನ್ನ ಕುಗ್ಗಿಸುತ್ತವೆ. ಈ ಜೋಡಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ತನ್ನ ಅತ್ಯಂತ ಕಠಿಣ ಎಚ್ಚರಿಕೆ ಹಾಕಿಸಿದೆ. ಮಾತ್ರೆ ಚಾರ್ಟ್‌ನಲ್ಲಿ ಬರೆದಿದೆ ಅನ್ನೋದು ಕೊಡೋಕೆ ಕಾರಣ ಅಲ್ಲ. ‘ಬೇಕಿದ್ದರೆ’ ಅನ್ನೋದನ್ನ ತೀರ್ಮಾನ ಮಾಡೋಳು ನೀನು, ಗೊತ್ತಾಗದಿದ್ದರೆ ಫೋನ್ ಮಾಡಿ ಕೇಳು.

ಈಗ ಹುಡುಗಿ, ನಿನ್ನ ತಾತನ ವಿಷಯ. ಕೇರ್ ಪ್ಲಾನ್ ಆಮೇಲೆ. ಇವತ್ತು ಡ್ಯೂಟಿಗೆ ಹೋದವಳೇ ಗೊರಕೆ ಶುರುವಾದ ಮೇಲೆ ಅವರ ಬೆಡ್ಡಿನ ಪಕ್ಕ ಸುಮ್ಮನೆ ನಿಂತುಕೋ. ಮುಟ್ಟಬೇಡ, ಮುಟ್ಟಿದರೆ ಎಚ್ಚರವಾಗಿ ಉಸಿರಿನ ಲೆಕ್ಕ ಸರಿಹೋಗಿಬಿಡುತ್ತೆ. ಟಾರ್ಚನ್ನ ಮುಖಕ್ಕೆ ಬಿಡದೆ ಎದೆ, ಹೊಟ್ಟೆ ಕಡೆ ಹಿಡಿ. ಪೂರ್ತಿ ಒಂದು ನಿಮಿಷ ಎಣಿಸು, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋ ಆಟ ಇಲ್ಲಿ ನಡೆಯೋದಿಲ್ಲ. ಗೊರಕೆ ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಿಂತುಬಿಡುತ್ತದಾ ನೋಡು. ನಿಂತಾಗ ಎದೆ, ಹೊಟ್ಟೆ ಒದ್ದಾಡ್ತಾ ಇವೆ, ಆದರೆ ಮೂಗಿನ ಹತ್ತಿರ ಅಂಗೈ ಹಿಡಿದರೆ ಗಾಳಿ ಇಲ್ಲ. ಆಮೇಲೆ ಗೊಕ್ ಅಂತ ಒಂದು ಸದ್ದು, ಮೈ ಒಮ್ಮೆ ಅದುರಿ ಮತ್ತೆ ಗೊರಕೆ. ಆ ನಡುವಿನ ಮೌನ 10 ಸೆಕೆಂಡ್ ಅಥವಾ ಹೆಚ್ಚು ಇದ್ದರೆ ಅದು ಆಪ್ನಿಯಾ. ಗಂಟಲು ಮುಚ್ಚಿಕೊಳ್ಳುವುದರಿಂದ ಬರೋ ಬಗೆ. ಮಾರ್ಫಿನ್‌ನಿಂದ ಇನ್ನೊಂದು ಬಗೆಯೂ ಬರಬಹುದು, ಅದರಲ್ಲಿ ಎದೆ ಒದ್ದಾಡೋದೂ ಇಲ್ಲ, ಸುಮ್ಮನೆ ಉಸಿರೆಳೆಯೋದೇ ನಿಂತಿರುತ್ತೆ.

ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 97 ತೋರಿಸ್ತಿದೆ ಅಂತ ನೆಮ್ಮದಿ ಪಡಬೇಡ. ಮೂಗಿಗೆ ಆಕ್ಸಿಜನ್ ಹೋಗ್ತಿದೆಯಲ್ಲ, ಉಸಿರು ಕಡಿಮೆಯಾದರೂ ಆ ನಂಬರ್ ತುಂಬ ಹೊತ್ತು ಇಳಿಯೋದಿಲ್ಲ. ಒಳಗೆ ಕಾರ್ಬನ್ ಡೈಆಕ್ಸೈಡ್ ಏರ್ತಾ ಇರುತ್ತೆ, ಆ ಮಿಷನ್ ಅದನ್ನ ಹೇಳೋದಿಲ್ಲ. ಎಣಿಸಿ ಆದ ಮೇಲೆ ಎಬ್ಬಿಸಿ ಮಾತಾಡಿಸು. ತಕ್ಷಣ ಎದ್ದು ನೆಟ್ಟಗೆ ಮಾತಾಡಿದರೆ ಸರಿ. ಹೆಸರು ಹೇಳ್ತಾ ಹೇಳ್ತಾನೇ ಮಾತಿನ ಮಧ್ಯೆ ಕಣ್ಣು ಎಳೆದುಕೊಂಡು ಹೋದರೆ ಅದು ನಿದ್ದೆ ಅಲ್ಲ, ಅತಿಯಾದ ಮಂಪರು. ಮುಂದಿನ ಮಾರ್ಫಿನ್ ತಡೆದು, ಪಕ್ಕದಲ್ಲೇ ಇದ್ದು, ಇಂಚಾರ್ಜ್ ಸಿಸ್ಟರ್‌ಗೂ ಡಾಕ್ಟರ್‌ಗೂ ಆಗಲೇ ಹೇಳಬೇಕು.

ಮೂರನೇ ರಾತ್ರಿ ಅಂದೆಯಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ. ದೊಡ್ಡ ಆಪರೇಷನ್ ಆದ ಮೊದಲ ಒಂದೆರಡು ರಾತ್ರಿ ಕನಸಿನ ನಿದ್ದೆ, ಅಂದರೆ ರೆಮ್ ನಿದ್ದೆ, ಹೆಚ್ಚುಕಡಿಮೆ ಮಾಯವಾಗಿರುತ್ತೆ. ಆಮೇಲಿನ ರಾತ್ರಿಗಳಲ್ಲಿ ಬಾಕಿ ವಸೂಲಿಗೆ ಬಂದ ಹಾಗೆ ಒಟ್ಟಿಗೆ ವಾಪಸ್ ಬರುತ್ತೆ. ರೆಮ್‌ನಲ್ಲಿ ಗಂಟಲ ಸ್ನಾಯುಗಳು ಪೂರ್ತಿ ಸಡಿಲ. ಹಾಗಾಗಿ ಆಪರೇಷನ್ ಆದ ದಿನಕ್ಕಿಂತ ಈ ರಾತ್ರಿಗಳಲ್ಲೇ ಆಪ್ನಿಯಾ ಜೋರಾಗಿ ಕಾಣಿಸ್ಕೊಳ್ಳಬಹುದು. ಅಷ್ಟೊತ್ತಿಗೆ ನಮ್ಮ ಕಣ್ಗಾವಲು ಸಡಿಲವಾಗಿರುತ್ತೆ.

ಆಪ್ನಿಯಾ ಇದೆಯಾ ಅಂತ ಅಂದಾಜು ಮಾಡೋಕೆ ಎಂಟು ಪ್ರಶ್ನೆಗಳ ಸ್ಟಾಪ್-ಬ್ಯಾಂಗ್ ಅಂತ ಒಂದಿದೆ, ಯಾರು ಬೇಕಾದರೂ ಹಾಸಿಗೆ ಪಕ್ಕದಲ್ಲೇ ಕೇಳಬಹುದು. ಜೋರು ಗೊರಕೆ, ಹಗಲಲ್ಲಿ ಸುಸ್ತು, ಉಸಿರು ನಿಂತದ್ದನ್ನ ಯಾರಾದರೂ ನೋಡಿದ್ದಾರಾ, ಬಿಪಿ, ಬಿಎಂಐ (ಎತ್ತರಕ್ಕೆ ತೂಕದ ಲೆಕ್ಕ) 35 ದಾಟಿದೆಯಾ, ವಯಸ್ಸು 50 ದಾಟಿದೆಯಾ, ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್ ದಾಟಿದೆಯಾ, ಗಂಡಸಾ. ಮೂರಕ್ಕೆ ಹೌದು ಅಂದರೆ ಅನುಮಾನ, ಐದು ಅಥವಾ ಹೆಚ್ಚಾದರೆ ಬಲವಾದ ಅನುಮಾನ. ನೀನು ಬರೆದದ್ದರಲ್ಲೇ ನಾಲ್ಕು ನನಗೆ ಸಿಕ್ತು. ಮಗನನ್ನ ಕೇಳು, ಮನೆಯಲ್ಲಿ ಪಕ್ಕದಲ್ಲಿ ಮಲಗೋರನ್ನೂ ಕೇಳಿಸು. ಅವರಿಗೆ ಗೊತ್ತಿರೋದು ಫೈಲಿನಲ್ಲಿ ಇರೋದಿಲ್ಲ.

ಅಂಗಾತ ಮಲಗಿಸಬೇಡ. ತಲೆ ಭಾಗ ಸುಮಾರು 30 ಡಿಗ್ರಿ ಎತ್ತಿ, ಒಂದು ಪಕ್ಕಕ್ಕೆ ತಿರುಗಿಸಿ, ಬೆನ್ನಿಗೆ ದಿಂಬು ಒತ್ತು ಕೊಡು, ಹೊಟ್ಟೆಯ ಹೊಲಿಗೆಗೆ ಒಂದು ಚಿಕ್ಕ ದಿಂಬು ಆನಿಸು. ಇಷ್ಟಕ್ಕೇ ಎಷ್ಟೋ ಸಲ ಗೊರಕೆ ಅರ್ಧ ಇಳಿಯುತ್ತೆ.

ಇನ್ನು ನಿನ್ನ ಮೂಲ ಪ್ರಶ್ನೆ, ತಾತ ಸುಳ್ಳು ಹೇಳ್ತಿದ್ದಾರಾ ಅಂತ. ಇಲ್ಲ. ನಾವು ನೋಡಿ ಅಂದಾಜು ಮಾಡಿದ ನಿದ್ದೆ, ಪೇಷಂಟ್ ಹೇಳೋ ನಿದ್ದೆಗಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತೆ ಅಂತ ಐಸಿಯುಗಳಲ್ಲಿ ಮಾಡಿದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕಣ್ಣು ಮುಚ್ಚಿರೋದು ಮಾತ್ರ ನಮಗೆ ಕಾಣುತ್ತೆ. ಒಳಗೆ ಆಗೋದು ಬೇರೆ. ಮೊದಲು ಹಗುರ ನಿದ್ದೆಯ ಎರಡು ಹಂತ, ಆಮೇಲೆ ಎನ್‌3 ಅನ್ನೋ ಗಾಢ ಹಂತ, ಆಮೇಲೆ ರೆಮ್. ಈ ಒಂದು ಸುತ್ತಿಗೆ ಹತ್ತಿರ ಹತ್ತಿರ 90 ನಿಮಿಷ ಬೇಕು, ರಾತ್ರಿಗೆ ಇಂಥವು ನಾಲ್ಕೈದು. ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಆಗುತ್ತೆ, ಕನಸಿನದು ಬೆಳಗಿನ ಜಾವಕ್ಕೆ ಹೆಚ್ಚು. ವಯಸ್ಸಾದಂತೆ ಎನ್‌3 ತಾನಾಗೇ ಕಡಿಮೆ. ಇದರಲ್ಲಿ 11ಕ್ಕೆ ಆಂಟಿಬಯೋಟಿಕ್, 12ಕ್ಕೆ ಬಿಪಿ, 1.30ಕ್ಕೆ ಪಂಪ್ ಅಲಾರಂ, 4ಕ್ಕೆ ರಕ್ತ ತೆಗೆಯೋರು ಬಂದರೆ ಮನುಷ್ಯ ಪ್ರತಿ ಸಲವೂ ಹಗುರ ಹಂತದಿಂದಲೇ ಶುರು ಮಾಡಬೇಕು. ಆಪ್ನಿಯಾ ಇದ್ದರೆ ಅಲಾರಂ ಬೇಡವೇ ಬೇಡ, ಉಸಿರು ಕಟ್ಟಿದಾಗಲೆಲ್ಲ ಮೆದುಳೇ ಅರೆಕ್ಷಣ ಎಬ್ಬಿಸುತ್ತೆ, ಪೇಷಂಟ್‌ಗೆ ಅದು ನೆನಪೂ ಇರೋದಿಲ್ಲ. ಗಡಿಯಾರದ ಲೆಕ್ಕದಲ್ಲಿ ಆರು ಗಂಟೆ, ಮೈಗೆ ಏನೂ ಇಲ್ಲ. ಹಗುರ ಹಂತದಿಂದ ಎಬ್ಬಿಸಿದರೆ ‘ನಾನು ಎದ್ದೇ ಇದ್ದೆ’ ಅನ್ನೋದು ಆರೋಗ್ಯವಂತರೂ ಹೇಳೋ ಮಾತೇ.

ಹಾಗಾಗಿ ‘ಚೆನ್ನಾಗಿ ಮಲಗಿದ್ದರು’ ಅನ್ನೋದು ಅಬ್ಸರ್ವೇಷನ್ ಅಲ್ಲ, ಅಭಿಪ್ರಾಯ. ನೋಡಿದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಬರಿ. ಹೀಗೆ: ‘ರಾತ್ರಿ 11.40: ಕಣ್ಣು ಮುಚ್ಚಿದ್ದರು, ಗೊರಕೆ ಇತ್ತು, ಉಸಿರು ನಿಮಿಷಕ್ಕೆ 14, ವಿರಾಮ ಕಾಣಲಿಲ್ಲ, ಕರೆದಾಗ ತಕ್ಷಣ ಎಚ್ಚರ. 2.10: ಎಚ್ಚರವಿದ್ದರು, ಮೂತ್ರಕ್ಕೆ ಎದ್ದರು. ಬೆಳಿಗ್ಗೆ 6: ನಾಲ್ಕೈದು ಸಲ ಎಚ್ಚರವಾಯಿತು, ಮತ್ತೆ ನಿದ್ದೆ ಹತ್ತಲಿಲ್ಲ ಎಂದು ಹೇಳಿದರು.’ ಬೆಳಿಗ್ಗೆ ಏನು ಕೇಳಬೇಕು ಅಂದರೆ ರಿಚರ್ಡ್ಸ್-ಕ್ಯಾಂಪ್‌ಬೆಲ್ ಪ್ರಶ್ನಾವಳಿಯ ಐದು ಅಂಶ ಸಾಕು: ನಿದ್ದೆ ಹಗುರವೋ ಗಾಢವೋ, ಹತ್ತೋಕೆ ಎಷ್ಟು ಹೊತ್ತಾಯ್ತು, ಎಷ್ಟು ಸಲ ಎಚ್ಚರ, ಎದ್ದ ಮೇಲೆ ಮತ್ತೆ ಬಂತಾ, ಒಟ್ಟಾರೆ ಹೇಗಿತ್ತು. ಒಂದೊಂದಕ್ಕೂ 0ಯಿಂದ 100ರವರೆಗಿನ ಗೆರೆ ಮೇಲೆ ಗುರುತು ಹಾಕಿಸೋದು ನಿಯಮ. ಕನ್ನಡಕ ಕೊಟ್ಟು ಹಾಕಿಸು.

ಇನ್‌ಸೋಮ್ನಿಯಾ ಅಂತ ಬರೀಬೇಡ. ಮಲಗೋಕೆ ಸಮಯ, ಅವಕಾಶ ಎಲ್ಲ ಇದ್ದೂ ನಿದ್ದೆ ಬಾರದೆ ಹಗಲಿಗೂ ತೊಂದರೆ ಆದರೆ ಆ ಮಾತು. ದೀರ್ಘಕಾಲದ್ದು ಅನ್ನಬೇಕಾದರೆ ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳು ಆಗಿರಬೇಕು. ನಿನ್ನ ತಾತನಿಗೆ ಅವಕಾಶವೇ ಇಲ್ಲ, ನಾವೇ ಬಿಡ್ತಾ ಇಲ್ಲ. ‘ನಿದ್ದೆಯ ಕ್ರಮಕ್ಕೆ ಅಡಚಣೆ’ ಅಂತ ಹಾಕಿ, ಕಾರಣದ ಜಾಗದಲ್ಲಿ ನೋವು, ರಾತ್ರಿಯ ಚಿಕಿತ್ಸೆಗಳು, ಸದ್ದು, ಮೂತ್ರಕ್ಕೆ ಏಳುವುದು ಅಂತ ಬಿಡಿಬಿಡಿಯಾಗಿ ಬರಿ. ಗುರಿಯನ್ನ ಅಳೆಯೋ ಹಾಗೆ ಇಡು: ‘ಎರಡು ರಾತ್ರಿಯೊಳಗೆ, ಅಡಚಣೆ ಇಲ್ಲದ 90 ನಿಮಿಷದ ಕನಿಷ್ಠ ಎರಡು ಅವಧಿ ಸಿಗುವುದು.’ ಟ್ಯೂಟರ್ ಬಾಯಿ ಮುಚ್ಚುತ್ತೆ.

ಔಷಧಿ ಚಾರ್ಟ್ ತೆಗೆದು ಹೆಸರು ನೋಡಬೇಡ, ಟೈಮ್ ನೋಡು. ಫ್ಯೂರೊಸೆಮೈಡ್ ಎರಡನೇ ಡೋಸ್ ಸಂಜೆ 6ಕ್ಕೆ ಇದ್ದರೆ ಮಧ್ಯರಾತ್ರಿವರೆಗೂ ಮೂತ್ರಕ್ಕೆ ಓಡಿಸುತ್ತೆ, ಬೆಳಿಗ್ಗೆ 8, ಮಧ್ಯಾಹ್ನ 2 ಮಾಡಬಹುದಾ ಅಂತ ಡಾಕ್ಟರನ್ನ ಕೇಳು. ಸ್ಟೀರಾಯ್ಡ್ ಬೆಳಿಗ್ಗೆಗೆ ಇರಲಿ. ದಮ್ಮಿಗೆ ಕೊಡೋ ಥಿಯೋಫಿಲಿನ್ ನಿದ್ದೆ ಓಡಿಸುತ್ತೆ. ಪ್ರೊಪ್ರಾನೊಲಾಲ್, ಮೆಟೊಪ್ರೊಲಾಲ್ ಥರದ ಬಿಪಿ ಮಾತ್ರೆಗಳು ಕೆಲವರಿಗೆ ಕೆಟ್ಟ ಕನಸು ತರಿಸುತ್ತವೆ. ನೀನಾಗಿ ಟೈಮ್ ಬದಲಿಸೋ ಹಾಗಿಲ್ಲ, ಆದರೆ ಕೇಳೋರು ನೀನಲ್ಲದೆ ಇನ್ಯಾರೂ ಇಲ್ಲ, ರಾತ್ರಿ ಎದ್ದಿರೋಳು ನೀನೇ ತಾನೆ.

ಮನೆಯಲ್ಲಿ ದಿನಾ ರಾತ್ರಿ ಏನು ತಗೋತಿದ್ದರು ಅಂತಲೂ ಕೇಳು. ಮಗನ ಎದುರು ಬೇಡ, ಒಬ್ಬರೇ ಇದ್ದಾಗ. ವರ್ಷಗಟ್ಟಲೆ ನಿದ್ದೆ ಮಾತ್ರೆ ತಗೊಂಡವರಿಗೆ, ದಿನಾ ಕುಡಿಯೋರಿಗೆ, ಅಡ್ಮಿಷನ್ ಆದ ಕೂಡಲೇ ಅದು ನಿಂತುಹೋಗಿರುತ್ತೆ. ಮದ್ಯ ಬಿಟ್ಟ 2ರಿಂದ 4 ದಿನದೊಳಗೆ ನಡುಕ, ಬೆವರು, ನಿದ್ದೆ ಇಲ್ಲದಿರೋದು, ಇಲ್ಲದ್ದು ಕಾಣಿಸೋದು ಶುರುವಾಗಬಹುದು, ಜೀವಕ್ಕೇ ಅಪಾಯ. ಹಾಗೇ ಹಗಲೆಲ್ಲ ತೂಗಡಿಸಿ ರಾತ್ರಿ ಬಟ್ಟೆ ಕೀಳೋದು, ನಳಿಕೆ ಎಳೆಯೋದು, ಮಗನ ಗುರುತೇ ಸಿಗದಿರೋದು ಕಂಡರೆ ಡೆಲಿರಿಯಂ, ಅಂದರೆ ಕಾಯಿಲೆಯಿಂದ ದಿಢೀರನೆ ಬರೋ ಬುದ್ಧಿಭ್ರಮೆ, ಅಂತ ಅನುಮಾನ ಪಡು. ಆಕ್ಸಿಜನ್, ಶುಗರ್, ಜ್ವರ, ಮೂತ್ರ ಕಟ್ಟಿದೆಯಾ, ಹೊಸ ಔಷಧಿ ಏನು ಶುರುವಾಯ್ತು ಅಂತ ಹುಡುಕಬೇಕು, ಮಲಗಿಸೋಕೆ ನೋಡಬಾರದು.

ಶಾಂತ ವಾತಾವರಣ ಎಲ್ಲಿಂದ ತರ್ಲಿ ಅಂದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದ್ದು ರಾತ್ರಿ ವಾರ್ಡ್ ಒಳಗೆ ಸರಾಸರಿ 30 ಡೆಸಿಬೆಲ್. ನಾವು ನರ್ಸಿಂಗ್ ಸ್ಟೇಷನ್‌ನಲ್ಲಿ ಕೂತು ಮಾಮೂಲಾಗಿ ಮಾತಾಡಿದರೇ 60ರ ಆಸುಪಾಸು. ಅದು ಆಗದ ಮಾತು ಅಂತ ಕೈಚೆಲ್ಲಬೇಡ, ಆಗೋದಷ್ಟು ಮಾಡು. 10 ಗಂಟೆಯ ಔಷಧಿ, ಬಿಪಿ, ಡ್ರೈನ್ ಅಳತೆ, ಯೂರಿನ್ ಬ್ಯಾಗ್ ಖಾಲಿ ಮಾಡೋದು ಎಲ್ಲ ಒಂದೇ ಸಲಕ್ಕೆ ಮುಗಿಸು. ಡ್ರಿಪ್ ಮುಗಿಯೋ ಟೈಮ್ ಲೆಕ್ಕ ಹಾಕಿ ಅಲಾರಂ ಕೂಗೋ ಮುಂಚೆಯೇ ಬಾಟಲಿ ಬದಲಿಸು. ಟ್ರಾಲಿಯ ಕಿರುಗುಟ್ಟೋ ಚಕ್ರಕ್ಕೆ ಹಗಲಲ್ಲೇ ಎಣ್ಣೆ ಬಿಡಿಸು. ನೋವಿನ ಔಷಧಿ ಮಲಗೋಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಹೋಗಿರಲಿ, ನೋವು ಏರಿದ ಮೇಲೆ ಅಲ್ಲ. ಪಾದ ತಣ್ಣಗಿದ್ದರೆ ಸಾಕ್ಸ್ ಹಾಕು, ಪಾದ ಬೆಚ್ಚಗಾದರೆ ಮೈಯೊಳಗಿನ ಶಾಖ ಹೊರಗೆ ಹೋಗಿ ನಿದ್ದೆ ಬೇಗ ಹತ್ತುತ್ತೆ. ಬೆಡ್‌ಶೀಟ್ ಸುಕ್ಕು, ತೊಡೆ ಕೆಳಗೆ ಸಿಕ್ಕಿಕೊಂಡ ಕ್ಯಾತಿಟರ್ ಟ್ಯೂಬ್, ಒಣಗಿದ ಬಾಯಿ, ಇವನ್ನ ಕೈಯಿಂದ ಮುಟ್ಟಿ ನೋಡಿದರೇ ಗೊತ್ತಾಗೋದು. ಬೆಳಿಗ್ಗೆ ಪರದೆ ಸರಿಸಿ ಬೆಳಕು ಬಿಡು, ಕುರ್ಚಿಯಲ್ಲಿ ಕೂರಿಸು. ಮೆದುಳಿನ ಗಡಿಯಾರ ಸರಿಹೋಗೋದು ಬೆಳಕಿನಿಂದ.

ಯಾರನ್ನ ಎಬ್ಬಿಸದೇ ಬಿಡಬಹುದು ಅಂತ ಸಂಜೆ ರೌಂಡ್‌ನಲ್ಲೇ ಡಾಕ್ಟರ್ ಹತ್ತಿರ ಬರೆಸಿಕೋ. ಸ್ಥಿರವಾಗಿದ್ದು ಡಿಸ್‌ಚಾರ್ಜಿಗೆ ಹತ್ತಿರ ಇರೋರಿಗೆ ರಾತ್ರಿ 2ರ ಬಿಪಿ ಬೇಕೇ ಬೇಕಾ ಅಂತ ಕೇಳಿದರೆ ಬಹಳ ಸಲ ಬೇಡ ಅಂತಾರೆ. ಆದರೆ ತಲೆಗೆ ಪೆಟ್ಟು ಬಿದ್ದವರು, ಅವತ್ತೇ ಆಪರೇಷನ್ ಆದವರು, ಮಾರ್ಫಿನ್ ಮೇಲಿರೋರು, ಇವರಲ್ಲಿ ರಿಯಾಯಿತಿ ಇಲ್ಲ. ‘ಪಾಪ ಮಲಗಿದ್ದಾರೆ’ ಅಂತ ಬಿಟ್ಟರೆ ಅದು ಪ್ರಜ್ಞೆ ಇಳೀತಾ ಇರೋದೂ ಇರಬಹುದು.

ಮಗನಿಗೆ ಹೇಳು: 65 ದಾಟಿದವರಿಗೆ ಈ ಮಾತ್ರೆಗಳಿಂದ ಬೀಳೋದು, ಗೊಂದಲ ಆಗೋದು ಜಾಸ್ತಿ, ಅದಕ್ಕೇ ತಡೀತಿದ್ದೀವಿ ಅಂತ. ನಿದ್ದೆ ಬರಲಿ ಅಂತ ಅಲರ್ಜಿಯ ಡೈಫೆನ್‌ಹೈಡ್ರಮೀನ್ ಕೊಡೋ ಹಳೇ ಅಭ್ಯಾಸವೂ ಈ ವಯಸ್ಸಿನಲ್ಲಿ ಬೇಡ. ಮುಂದೆ ಯಾರಿಗಾದರೂ ಕೊಡಲೇಬೇಕಾಗಿ ಬಂದರೆ ಮೊದಲು ಬಾತ್‌ರೂಮಿಗೆ ಕರ್ಕೊಂಡು ಹೋಗಿ ಬಾ, ಮಂಚ ತಗ್ಗಿಸು, ಬೆಲ್ ಕೈಗೆ ಕೊಡು. ಹಾಗೇ, ನಿದ್ದೆ ಮಾಡ್ತಿರೋರನ್ನ ಎಬ್ಬಿಸಿ ನಿದ್ದೆ ಮಾತ್ರೆ ಕೊಡೋ ಜೋಕು ಜೋಕಲ್ಲ, ನಾನು ಕಣ್ಣಾರೆ ಕಂಡಿದ್ದೀನಿ.

ಮಕ್ಕಳ_ವಾರ್ಡ್

ಅಕ್ಕ ಹೇಳಿದ್ದಕ್ಕೆ ನಮ್ಮ ವಾರ್ಡಿಂದ ಒಂದು ಸೇರಿಸ್ತೀನಿ, ಎಕ್ಸಾಮ್‌ಗೂ ಬರುತ್ತೆ. ಮಲಗಿ ಒಂದೆರಡು ಗಂಟೆಯಲ್ಲೇ ಮಗು ಕಿರುಚಿ ಎದ್ದು ಕೂತು, ಕಣ್ಣು ಬಿಟ್ಟಿದ್ದರೂ ಅಮ್ಮನ ಗುರುತು ಸಿಗದೆ ಒದ್ದಾಡಿದರೆ ಅದು ನೈಟ್ ಟೆರರ್. ಗಾಢ ನಿದ್ದೆಯಿಂದ ಅರ್ಧ ಎದ್ದಿರುತ್ತೆ. ಅಲುಗಾಡಿಸಿ ಎಬ್ಬಿಸೋಕೆ ಹೋಗಬೇಡಿ, ಬೀಳದ ಹಾಗೆ ನೋಡ್ಕೊಂಡು ಪಕ್ಕದಲ್ಲಿರಿ, ಕೆಲ ನಿಮಿಷದಲ್ಲಿ ತಾನೇ ಮಲಗುತ್ತೆ, ಬೆಳಿಗ್ಗೆ ನೆನಪಿರಲ್ಲ. ಬೆಳಗಿನ ಜಾವ ಅಳ್ತಾ ಎದ್ದು ಕನಸು ಹೇಳಿದರೆ ಅದು ಕೆಟ್ಟ ಕನಸು, ಎತ್ತಿಕೊಂಡು ಸಮಾಧಾನ ಮಾಡಿ. ನಿದ್ದೆಯಲ್ಲಿ ನಡೆಯೋದೂ ಮೊದಲನೇದರ ಜಾತಿಯದ್ದೇ, ಮೆಲ್ಲಗೆ ಮೊಣಕೈ ಹಿಡಿದು ವಾಪಸ್ ಹಾಸಿಗೆಗೆ ತಿರುಗಿಸಿದರೆ ಸಾಕು.

ಮಾಸ್ಕ್_ಹಾಕೋ_ಮನುಷ್ಯ

ನಾನು ನರ್ಸ್ ಅಲ್ಲ, ಪೇಷಂಟ್. ಮಗಳು ನರ್ಸಿಂಗ್ ಓದ್ತಾಳೆ, ಅವಳ ದೆಸೆಯಿಂದ ಇಲ್ಲಿ ಓದ್ತಾ ಇರ್ತೀನಿ. ನನಗೆ ಆಪ್ನಿಯಾ ಇರೋದು ಗೊತ್ತಾದದ್ದು ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿ ಸ್ಟೀರಿಂಗ್ ಮೇಲೆ ನಿದ್ದೆ ಹೋದ ಮೇಲೆ. ಹಗಲು ಎಷ್ಟು ನಿದ್ದೆ ತೂಗುತ್ತೆ ಅಂತ ಅಳೆಯೋಕೆ ಎಪ್‌ವರ್ತ್ ಅಂತ ಎಂಟು ಪ್ರಶ್ನೆ ಕೇಳ್ತಾರಲ್ಲ, 24ಕ್ಕೆ 17 ಬಂತು, 10 ದಾಟಿದರೇ ಹೆಚ್ಚಂತೆ. ಪರೀಕ್ಷೆ ಮಾಡಿಸಿದರೆ ಗಂಟೆಗೆ 38 ಸಲ ಉಸಿರು ಅಡಚಣೆ, 30ರ ಮೇಲೆ ತೀವ್ರ ಅಂತ ಲೆಕ್ಕ. ಈಗ ಸಿಪ್ಯಾಪ್, ಅಂದರೆ ಗಂಟಲು ಮುಚ್ಚದ ಹಾಗೆ ಮಾಸ್ಕ್ ಮೂಲಕ ಗಾಳಿ ಒತ್ತೋ ಮಿಷನ್, ಹಾಕ್ಕೊಂಡೇ ಮಲಗೋದು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಈ ಉಪಾಯ ಪ್ರಕಟಿಸಿದರಂತೆ, ಆ ಪುಣ್ಯಾತ್ಮನಿಗೆ ದಿನಾ ರಾತ್ರಿ ಕೈ ಮುಗೀಬೇಕು.

ಹೇಳೋಕೆ ಬಂದದ್ದು ಇದು. ಮೊಣಕಾಲು ಆಪರೇಷನ್‌ಗೆ ಅಡ್ಮಿಟ್ ಆದಾಗ ನನ್ನ ಮಿಷನ್ ತಗೊಂಡೇ ಹೋಗಿದ್ದೆ. ಅದು ಬ್ಯಾಗ್ ಸಮೇತ ಬೀರುವಿನಲ್ಲೇ ಕೂತಿತ್ತು, ಯಾರೂ ಕೇಳಲಿಲ್ಲ. ಮೊದಲ ರಾತ್ರಿ ಹೆಂಡತಿ ಜಗಳ ಆಡಿ ಹಾಕಿಸಿದಳು. ಆದ್ದರಿಂದ ಸಿಸ್ಟರ್‌ಗಳೇ, ಅಡ್ಮಿಷನ್ ಟೈಮಲ್ಲೇ ‘ಮಾಸ್ಕ್ ಹಾಕ್ಕೊಂಡು ಮಲಗ್ತೀರಾ’ ಅಂತ ಒಂದು ಮಾತು ಕೇಳಿ. ಮಧ್ಯಾಹ್ನ ತೂಕಡಿಸಿದರೂ ಅದು ಬೇಕು, ರಾತ್ರಿಗೆ ಮಾತ್ರ ಅಲ್ಲ. ಪಕ್ಕದಿಂದ ಗಾಳಿ ಬುಸ್ ಅಂತಿದ್ದರೆ ಪಟ್ಟಿ ಬಿಗಿ ಮಾಡ್ತಾ ಹೋಗಬೇಡಿ, ಒಮ್ಮೆ ಮುಖದಿಂದ ಎತ್ತಿ ಸರಿಯಾಗಿ ಕೂರಿಸಿ. ಬಿಗಿ ಮಾಡಿದ್ರೆ ಮೂಗಿನ ಮೇಲಿನ ಚರ್ಮ ಕಿತ್ತು ಬರುತ್ತೆ. ನೀರಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ದಿನಾ ಚೆಲ್ಲಿ ಒಣಗಿಸಿ.

ಥರ್ಡ್‌ಇಯರ್_ಹುಡುಗಿ

ಅಕ್ಕಾ, ನೀವು ಹೇಳಿದ ಹಾಗೇ ನಿಂತು ಎಣಿಸಿದೆ. ಉಸಿರು ನಿಮಿಷಕ್ಕೆ 9, ಒಂದು ವಿರಾಮ 20 ಸೆಕೆಂಡ್ ದಾಟಿತು, ನನ್ನ ಉಸಿರೇ ನಿಂತ ಹಾಗಾಯ್ತು. ಎಬ್ಬಿಸಿದ್ರೆ ತಕ್ಷಣ ಎದ್ದರು, ಆದ್ರೆ ಮಾತು ಮಂದ. ಇಂಚಾರ್ಜ್ ಸಿಸ್ಟರ್ ಬಂದು ನೋಡಿ ಡಾಕ್ಟರ್‌ಗೆ ಫೋನ್ ಮಾಡಿದ್ರು. ಮಾರ್ಫಿನ್ ಕಡಿಮೆ ಮಾಡಿ ಪ್ಯಾರಾಸಿಟಮಾಲ್ ಟೈಮ್ ಪ್ರಕಾರ ಹಾಕಿದ್ರು, ಅಲ್ಪ್ರಜೋಲಾಮ್ ಹೊಡೆದು ಹಾಕಿದ್ರು, ಸ್ಯಾಚುರೇಷನ್ ಮಾನಿಟರ್ ಇಡೀ ರಾತ್ರಿ ಹಾಕಿಟ್ರು. ಕುತ್ತಿಗೆ ಟೇಪಲ್ಲಿ ಅಳೆದೆ, 43. ಡಿಸ್‌ಚಾರ್ಜ್ ಆದ ಮೇಲೆ ನಿದ್ದೆ ಪರೀಕ್ಷೆಗೆ ಬರೆದುಕೊಡ್ತಾರಂತೆ. ಮನೆಯಲ್ಲಿ ತಾತ ಯಾವಾಗಲೂ ಪಕ್ಕಕ್ಕೇ ಮಲಗೋದಂತೆ, ಇಲ್ಲಿ ಡ್ರೈನ್ ಟ್ಯೂಬ್ ಎಳೆಯುತ್ತೆ ಅಂತ ಹೆದರಿ ಅಂಗಾತ ಮಲಗ್ತಿದ್ರು! ಟ್ಯೂಬನ್ನ ಆ ಕಡೆಗೇ ತಂದು ಪಿನ್ ಮಾಡಿದ್ವಿ. ಫ್ಯೂರೊಸೆಮೈಡ್ ಸಂಜೆ 6ಕ್ಕೇ ಇತ್ತು, ಈಗ 2ಕ್ಕೆ ಬಂದಿದೆ.

ಹಾಗೇ ಇನ್ನೊಂದು ಪ್ರಶ್ನೆ ಕೇಳ್ಲಾ? ಪಕ್ಕದ ವಾರ್ಡಲ್ಲಿ ಡಯಾಲಿಸಿಸ್ ಮಾಡಿಸ್ಕೊಳ್ಳೋ ಒಬ್ಬ ಅಮ್ಮ ರಾತ್ರಿಯೆಲ್ಲ ಕಾರಿಡಾರ್‌ನಲ್ಲಿ ಓಡಾಡ್ತಾರೆ. ಮಲಗಿ ಅಂದ್ರೆ ‘ಕಾಲೊಳಗೆ ಹುಳ ಹರಿದ ಹಾಗಾಗುತ್ತೆ, ಮಲಗೋಕಾಗಲ್ಲ’ ಅಂತಾರೆ. ಅಲ್ಲಿಯವರು ಹಠ, ಗಾಬರಿ ಅಂತ ಬರೆದಿದಾರೆ. ವಾಂತಿಗೆ ಇಂಜೆಕ್ಷನ್ ನಡೀತಿದೆ ಅಂತ ಗೊತ್ತು, ಬೇರೆ ಗೊತ್ತಿಲ್ಲ.

ನೈಟ್‌ಡ್ಯೂಟಿ_ಅಕ್ಕ

ಭೇಷ್. ಟ್ಯೂಬ್ ವಿಷಯ ನನಗೂ ಹೊಳೆದಿರಲಿಲ್ಲ. 9 ಅನ್ನೋದು ಕಡಿಮೆಯೇ, ಮಾರ್ಫಿನ್ ಇಳಿಸಿದ ಮೇಲೂ ಇವತ್ತು ರಾತ್ರಿ ಗಂಟೆಗೊಮ್ಮೆ ಎಣಿಸು. ಮಾರ್ಫಿನ್ ಪರಿಣಾಮ ಇಳಿಸೋ ನಲೊಕ್ಸೋನ್ ಎಲ್ಲಿಟ್ಟಿದ್ದಾರೆ ಅಂತ ಡ್ಯೂಟಿ ಶುರುವಲ್ಲೇ ನೋಡಿಟ್ಟುಕೋ.

ಆ ಅಮ್ಮನದು ಹಠ ಅಲ್ಲ. ನಾಲ್ಕು ಕೇಳು: ಕಾಲು ಆಡಿಸಲೇಬೇಕು ಅನ್ನಿಸುತ್ತಾ, ಸುಮ್ಮನೆ ಕೂತಾಗ ಮಲಗಿದಾಗ ಹೆಚ್ಚಾ, ಓಡಾಡಿದರೆ ಕಡಿಮೆ ಆಗುತ್ತಾ, ಸಂಜೆ ರಾತ್ರಿಗೇ ಜಾಸ್ತಿಯಾ. ನಾಲ್ಕೂ ಹೌದಾದರೆ ರೆಸ್ಟ್‌ಲೆಸ್ ಲೆಗ್ಸ್ ಅನ್ನೋ ಕಾಯಿಲೆಯನ್ನೇ ಮೊದಲು ಯೋಚಿಸಬೇಕು. ಕಿಡ್ನಿ ತೊಂದರೆ ಇದ್ದವರಲ್ಲಿ, ಬಸುರಿಯರಲ್ಲಿ, ಕಬ್ಬಿಣಾಂಶ ಕಡಿಮೆ ಇದ್ದವರಲ್ಲಿ ಇದು ಬಹಳ. ಡಯಾಲಿಸಿಸ್ ಕುರ್ಚಿಯಲ್ಲಿ ಗಂಟೆಗಟ್ಟಲೆ ಕಾಲಾಡಿಸದೆ ಕೂರೋದು ಅವರಿಗೆ ಎಂಥ ಹಿಂಸೆ ಅಂತ ಕೇಳಿದರೆ ಅವರೇ ಹೇಳ್ತಾರೆ. ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ತೋರಿಸೋ ಅಳತೆ) ಕಡಿಮೆ ಇರಬಹುದು, ಅದನ್ನ ನೋಡಿದ್ದೀರಾ ಅಂತ ಡಾಕ್ಟರನ್ನ ಕೇಳಬಹುದು.

ಆ ವಾಂತಿ ಇಂಜೆಕ್ಷನ್ ಯಾವುದು ಅಂತ ಮೊದಲು ನೋಡು. ಮೆಟೊಕ್ಲೊಪ್ರಮೈಡ್ ಆಗಿದ್ದರೆ ಇದನ್ನ ಕೆರಳಿಸುತ್ತೆ. ಈ ತೊಂದರೆ ಇಲ್ಲದವರಿಗೂ ಅದರಿಂದ ಕೂರಲಾರದ ನಿಲ್ಲಲಾರದ ಚಡಪಡಿಕೆ ಬರಬಹುದು, ಹಾಗಾಗಿ ಓಡಾಟ ಶುರುವಾದದ್ದು ಇಂಜೆಕ್ಷನ್‌ಗೆ ಮುಂಚೆಯಾ ಆಮೇಲಾ ಅನ್ನೋದನ್ನೂ ಕೇಳು. ಅಲರ್ಜಿ ಮಾತ್ರೆಗಳು, ಕೆಲವು ಖಿನ್ನತೆಯ ಮಾತ್ರೆಗಳೂ ಹೆಚ್ಚು ಮಾಡುತ್ತವೆ, ‘ನಿದ್ದೆ ಬರಲಿ’ ಅಂತ ಅಲರ್ಜಿ ಮಾತ್ರೆ ಕೊಟ್ಟಿದ್ದರೆ ಇನ್ನೂ ಕಷ್ಟ. ಬದಲಿಗೆ ಒಂಡನ್ಸೆಟ್ರಾನ್ ಆಗುತ್ತಾ ಅಂತ ಅವರ ಡಾಕ್ಟರ್ ತೀರ್ಮಾನ ಮಾಡ್ತಾರೆ, ಇಸಿಜಿ ನೋಡಿಕೊಂಡು. ಅಲ್ಲಿವರೆಗೆ ಮೀನಖಂಡ ತಿಕ್ಕಿ ಕೊಡಲಿ, ಬೆಚ್ಚಗಿನ ಬಟ್ಟೆ ಸುತ್ತಲಿ. ಡಯಾಲಿಸಿಸ್ ಪೇಷಂಟ್‌ಗಳಿಗೆ ಪಾದದ ಸ್ಪರ್ಶ ಕಡಿಮೆ ಇರಬಹುದು, ಬಿಸಿ ನೀರಿನ ಚೀಲ ಇಡಬೇಡಿ. ಓಡಾಡೋಕೆ ಬಿಡಿ, ಕಾರಿಡಾರ್ ನೆಲ ಒಣಗಿರಲಿ, ಚಪ್ಪಲಿ ಜಾರದ ಹಾಗಿರಲಿ. ಮಂಚದ ಕಂಬಿ ಏರಿಸಿ ಮಲಗಿಸೋಕೆ ಹೋದರೆ ಹಾರಿ ಬೀಳ್ತಾರೆ.

ನೀನು ಆ ವಾರ್ಡಿನವಳಲ್ಲ, ನೇರ ಹೋಗಿ ಚಾರ್ಟ್ ತಿರುವಬೇಡ. ನಿಮ್ಮ ಇಂಚಾರ್ಜ್ ಮೂಲಕ ಅಲ್ಲಿನ ಸಿಸ್ಟರ್‌ಗೆ ಹೇಳಿಸು, ಇವತ್ತೇ.